ಏಳು ವರ್ಷದ ಕುದುರೆ, ನಾಲ್ಕು ವರ್ಷದ ಕಾರು

ಹೊಸ ಕಾರೇ ಬೇಕಂತೆ! ಊರ ಸಭೆಯಲ್ಲಿ ನಲವತ್ತು ಗಂಡಸರು ಚಹಾ ಹೀರುತ್ತಾ ಕೂತು, ನನಗೆ ಎಂಥಾ ಕಾರು ಬೇಕು ಅಂತ ನನಗೇ ಹೇಳಿಕೊಡುತ್ತಿದ್ದರು. ಓಡಿಸುವವಳು ನಾನು. ಹೆರಿಗೆ ನೋವು ಅಂದರೆ ಹಿಮದಲ್ಲಿ ಎದ್ದುಬಿದ್ದು ಹೋಗುವವಳೂ ನಾನೇ. ಕೋಕ್-ಬುಲಾಕ್ ಊರಿಗೂ ಮೇಲಿನ ಹದಿನಾಲ್ಕು ಕುರಿದೊಡ್ಡಿಗಳಿಗೂ ಇರುವ ಒಬ್ಬಳೇ ನರ್ಸಮ್ಮ, ಈ ಸಾಯ್ರಾಕುಲ್.

ದವಾಖಾನೆಯ ಹಳೇ ವ್ಯಾನು ಹೋದ ಚಳಿಗಾಲ ಕೈಕೊಟ್ಟಿತ್ತು. ಬೇಶೆನ್ ಅಜ್ಜನ ಸೊಸೆ ಜಿಪಾರ್‌ಗೆ ಹೆರಿಗೆಯಲ್ಲಿ ರಕ್ತ ನಿಲ್ಲುತ್ತಿಲ್ಲ ಅಂತ ಬೆಳಗ್ಗೆ ಸುದ್ದಿ ಬಂತು. ವ್ಯಾನು ಸ್ಟಾರ್ಟ್ ಆಗಲಿಲ್ಲ. ಕುದುರೆ ಹತ್ತಿ ಹೋದೆ, ಎರಡು ಗಂಟೆ ಹಿಡಿಯಿತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಅವತ್ತಿನಿಂದ ಅಜ್ಜನ ಮನೆ ಮುಂದೆ ಹಾಯುವಾಗ ನಾನು ತಲೆ ಎತ್ತಿದವಳಲ್ಲ. ಆಮೇಲೆ ಊರಿನವರೇ ಕುರಿ ಮಾರಿ ದುಡ್ಡು ಕೂಡಿಸಿದರು. ಈಗ ಮತ್ತೆ ಚಳಿಗಾಲ ಬಾಗಿಲಿಗೆ ಬಂದಿದೆ, ದೊಡ್ಡಿಗಳಲ್ಲಿ ಮೂವರು ಬಸುರಿಯರಿದ್ದಾರೆ.

ಊರ ಮುಖ್ಯಸ್ಥ ಎರ್ಮೆಕ್ ಒಂದು ಪುಟ್ಟ ಹೊಸ ಕಾರಿನ ಚಿತ್ರ ತೋರಿಸಿದ. ಬಿಳೀ ಬಣ್ಣ, ನೆಲಕ್ಕೆ ಮುತ್ತಿಡುವಷ್ಟು ತಗ್ಗು.

"ಅಕ್ಕಾ, ಶೋರೂಮಿಂದ ಸೀದಾ ಬರುತ್ತೆ. ರಿಬ್ಬನ್ ಕಟ್ಟಿ ಫೋಟೋ ತೆಗೆಸೋಣ."

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ! ಮೊಣಕಾಲುದ್ದ ಹಿಮದಲ್ಲಿ ನಿನ್ನ ರಿಬ್ಬನ್ ಕಟ್ಟಿ ಎಳೀಲಾ? ಅದೇ ದುಡ್ಡಿಗೆ ರಾಜಧಾನಿ ಬಿಷ್ಕೆಕ್‌ನಲ್ಲಿ ನಾಲ್ಕು ವರ್ಷ ಓಡಿದ ಎತ್ತರದ ಗಾಡಿ ಸಿಗುತ್ತೆ. ನಾಲ್ಕೂ ಚಕ್ರ ಎಳೆಯುತ್ತೆ. ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡ್ತಾರೆ, ಒಂದು ವರ್ಷ ಗ್ಯಾರಂಟಿ ಬೇರೆ."

"ಬೇರೆಯವರು ಓಡಿಸಿ ಬಿಟ್ಟದ್ದು," ಅಂದರು ಬೇಶೆನ್ ಅಜ್ಜ. ಮೂಲೆಯಲ್ಲಿ ಕೂತಿದ್ದರು. "ಹಳೇದು ಒಂದ್ಸಲ ಏನು ಮಾಡ್ತು ಅಂತ ನೋಡಿದ್ದಾಯ್ತು."

ನನ್ನ ಎದೆಗೇ ಒದ್ದ ಹಾಗಾಯಿತು. ಆದರೂ ಬಿಡಲಿಲ್ಲ. ಆ ತಗ್ಗು ಕಾರು ತಂದರೆ ಮೊದಲ ಹಿಮಕ್ಕೇ ದಾರಿಯಲ್ಲಿ ಕೂರುತ್ತದೆ, ಇನ್ನೊಬ್ಬಳು ಸಾಯುತ್ತಾಳೆ. ನನಗದು ಅಂಗೈ ಗೆರೆಯಷ್ಟು ಸ್ಪಷ್ಟ.

"ಅಜ್ಜ, ಈ ಸೀಮೆಯಲ್ಲಿ ಕುದುರೆ ನೋಡೋಕೆ ನಿಮ್ಮನ್ನ ಮೀರಿಸಿದೋರಿಲ್ಲ. ಕಣಿವೆ ದಾಟೋಕೆ ಬೆನ್ನಿಗೆ ಜೀನೇ ಹತ್ತದ ಎರಡು ವರ್ಷದ ಮರೀನ ಕೊಳ್ತೀರಾ?"

"ನನಗೇನು ತಲೆ ಕೆಟ್ಟಿದೆಯಾ? ಏಳು ವರ್ಷದ್ದು ಕೊಳ್ತೀನಿ. ಹಲ್ಲು ನೋಡಿ, ಗೊರಸು ನೋಡಿ."

"ಹಾಗಾದ್ರೆ ಬನ್ನಿ, ಈ ಗಾಡಿ ಹಲ್ಲೂ ನೋಡಿ."

ಗಡ್ಡ ನೀವಿಕೊಂಡರು. "ಬರ್ತೀನಿ. ನಾನು ಬೇಡ ಅಂದ್ರೆ ಎರ್ಮೆಕ್ ಹೇಳಿದ್ದೇ ಆಗಬೇಕು." ಸಭೆ ಒಪ್ಪಿತು. ನಾನೂ ಒಪ್ಪಿದೆ, ಧೈರ್ಯವಾಗಿಯೇ.

ಬಿಷ್ಕೆಕ್‌ನ ಆ ಮಳಿಗೆಯಲ್ಲಿ ದಿನಾರಾ ಅನ್ನುವ ಹೆಂಗಸು ನಮಗೆ ಬೂದು ಬಣ್ಣದ ಗಾಡಿ ತೋರಿಸಿ, ನಾಲ್ಕು ಹಾಳೆಯ ಪ್ರಮಾಣಪತ್ರ ಕೈಗಿಟ್ಟಳು. ಬಣ್ಣದ ದಪ್ಪ ಅಳೆಯುವ ಯಂತ್ರವನ್ನು ಒಂದೊಂದು ಬಾಗಿಲಿಗೂ ಒತ್ತಿ ಅಂಕಿ ಓದಿದಳು. ಹಿಂದಿನ ಬಲಬಾಗಿಲಿಗೆ ಮರುಬಣ್ಣ ಬಳಿದಿದೆ ಅಂತ ಪತ್ರದಲ್ಲೇ ಬರೆದಿತ್ತು.

"ಸಂತೆಯಲ್ಲಿ ಇಂಥದ್ದೇ ಗಾಡಿ ಒಂದು ಲಕ್ಷ ಸೋಮ್ ಕಡಿಮೆಗೆ ಸಿಗುತ್ತೆ," ಅಂದರು ಅಜ್ಜ. "ಈ ಕಾಗದಕ್ಕೆ ಲಕ್ಷವಾ?"

ದಿನಾರಾ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಸಂತೆಯೋರು ಈ ಬಾಗಿಲ ಕಥೆ ಹೇಳ್ತಿದ್ರಾ ಅಜ್ಜ? ಎಂಜಿನ್ ಕೆಟ್ರೆ ಫೋನಾದ್ರೂ ಎತ್ತುತ್ತಿದ್ರಾ? ಇವರು ತಮ್ಮ ಖರ್ಚಲ್ಲೇ ರಿಪೇರಿ ಮಾಡ್ತಾರೆ."

ಅಜ್ಜ ಬೆನ್ನ ಮೇಲೆ ಮಲಗಿ ಗಾಡಿಯ ಅಡಿಗೆ ತೂರಿದರು. ಎಪ್ಪತ್ತೊಂದು ವರ್ಷ ಅವರಿಗೆ! ತಟ್ಟಿದರು, ಮೂಸಿದರು, ಎಂಜಿನ್ ಸದ್ದಿಗೆ ಕಿವಿಗೊಟ್ಟರು. ಎದ್ದು ಟೋಪಿ ಕೊಡವಿಕೊಂಡು ದಿನಾರಾಳನ್ನು ಕೇಳಿದರು: "ಹಿಂದಿನೋರು ಮಾರಿದ್ದು ಯಾಕೆ?"

"ಅದು ಪತ್ರದಲ್ಲಿ ಇರಲ್ಲ ತಾತ."

"ನಾಲ್ಕು ಹಾಳೆ ಬರೆದು ಮುಖ್ಯವಾದದ್ದೇ ಬಿಟ್ಟಿದ್ದೀರಲ್ಲ! ಒಳ್ಳೇ ಕುದುರೇನ ಯಾರೂ ಸುಮ್ನೆ ಮಾರಲ್ಲ. ಅವರಿಗೇ ಫೋನ್ ಹಚ್ಚು."

ಅವಳು ನಿಯಮ ಅಂದಳು, ಮ್ಯಾನೇಜರ್ ಅಂದಳು. ಅಜ್ಜ ಗಾಡಿಗೆ ಒರಗಿ ನಿಂತೇಬಿಟ್ಟರು. ಕೊನೆಗೆ ಅವಳೇ ಹಳೇ ಒಡತಿಯನ್ನು ಕೇಳಿ ಒಪ್ಪಿಸಿ, ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಹಿಡಿದಳು. ತಲಾಸ್‌ನ ಜಾಜ್‌ಗುಲ್, ಶಾಲೆ ಟೀಚರ್.

"ಯಾಕೆ ಮಾರಿದೆ ಮಗಳೇ?"

"ಮೂರನೇ ಮಗು ಆಯ್ತು ತಾತ, ಅತ್ತೆನೂ ಜೊತೆಗೇ ಇದ್ದಾರೆ. ಜಾಗ ಸಾಲಲಿಲ್ಲ, ದೊಡ್ಡದು ತಗೊಂಡ್ವಿ."

"ದಾರೀಲಿ ಯಾವತ್ತಾದ್ರೂ ಕೈಬಿಟ್ಟಿತ್ತಾ?"

"ಒಂದು ಸಲವೂ ಇಲ್ಲ. ನಾಲ್ಕು ಚಳಿಗಾಲ ಕಣಿವೆ ದಾಟಿದೆ."

"ಬಾಗಿಲಿಗೆ ಏನಾಗಿತ್ತು?"

ಅವಳು ದನಿ ತಗ್ಗಿಸಿದಳು. "ನಮ್ಮ ಗೇಟಿಗೆ ನಾನೇ ಗುದ್ದಿದೆ. ಮನೆಯವರ ಹತ್ರ, ಯಾರೋ ಗುದ್ದಿ ಓಡಿಹೋದ್ರು ಅಂದೆ. ಇವತ್ತಿಗೂ ಅವರಿಗೆ ಗೊತ್ತಿಲ್ಲ. ನೀವು ಕೇಳಿದ್ರಿ ಅಂತ ಹೇಳಿದೆ."

ದಿನಾರಾ ನಕ್ಕಳು, ನಾನೂ ನಕ್ಕೆ. ಅಜ್ಜ ನಗಲಿಲ್ಲ.

"ಇದನ್ನೇ ತಗೋ ಸಾಯ್ರಾಕುಲ್," ಅಂದು ಹೊರಗೆ ನಡೆದರು.

ನಾನು ಗೆದ್ದಿದ್ದೆ! ದಿನಾರಾ ಕಾಗದ ಪತ್ರ ತರಲು ಹೋದಳು. ಕುಣಿಯುತ್ತಾ ಹೊರಗೆ ಬಂದರೆ ಅಜ್ಜ ಗೋಡೆ ಹಿಡಿದು ನಿಂತಿದ್ದರು.

"ಜಿಪಾರ್‌ಗೆ ನೋವು ಶುರುವಾದದ್ದು ಬೆಳಗ್ಗೆ ಅಂತ ಹೇಳಿದ್ದೆನಲ್ಲ, ಅದು ಸುಳ್ಳು," ಅಂದರು. "ಹಿಂದಿನ ದಿನ ಸಂಜೆಯೇ ಶುರುವಾಗಿತ್ತು. ರಕ್ತ ಕಂಡಿದ್ದೂ ಆಗಲೇ. ನಿನ್ನ ಕರೀತೀನಿ ಅಂದ ಮಗನ್ನ ನಾನೇ ತಡೆದೆ. ನಮ್ಮಮ್ಮ ಹನ್ನೊಂದು ಹೆತ್ತಳು, ಯಾವ ನರ್ಸನ್ನೂ ಕರೀಲಿಲ್ಲ, ಬೆಳಗಾಗ್ಲಿ ನೋಡೋಣ ಅಂದೆ. ವ್ಯಾನು ಸ್ಟಾರ್ಟ್ ಆಗಿದ್ರೂ ನಿನಗೆ ತಡವೇ ಆಗಿರ್ತಿತ್ತು. ಆದ್ರೂ ವ್ಯಾನನ್ನೇ ಬೈಕೊಂಡು ಬಂದೆ. ಅದು ತಿರುಗಿ ಮಾತಾಡಲ್ಲ ನೋಡು."

ಒಂದು ವರ್ಷ! ಆ ಎರಡು ಗಂಟೆಯನ್ನು ನಾನು ಒಂದು ವರ್ಷ ಹೊತ್ತಿದ್ದೆ. ಕುದುರೆಯನ್ನು ಇನ್ನೂ ಜೋರಾಗಿ ಓಡಿಸಬಹುದಿತ್ತೇನೋ ಅಂತ ದಿನವೂ ಲೆಕ್ಕ ಹಾಕಿದ್ದೆ. ಮೈಯೆಲ್ಲ ಉರಿದುಹೋಯಿತು. ಹಿರಿಯರಲ್ಲದಿದ್ದರೆ ಕೈಯೆತ್ತಿಬಿಡುತ್ತಿದ್ದೆ, ಸುಳ್ಳು ಹೇಳಲಾರೆ.

"ಬೈ ಮಗಳೇ. ಬಾಯಿಗೆ ಬಂದ ಹಾಗೆ ಬೈ."

"ಬೈಯದೆ ಬಿಡ್ತೀನಾ? ಮನೆವರೆಗೂ ಬೈತೀನಿ. ಮೊದಲು ಹತ್ತಿ ಕೂತ್ಕೊಳ್ಳಿ."

ದುಡ್ಡು ಕೊಟ್ಟು, ಕಾಗದಕ್ಕೆ ಸಹಿ ಹಾಕಿ ಹೊರಟೆವು. ಏಳು ಗಂಟೆಯ ದಾರಿ. ಬೈಯುವುದಕ್ಕೆ ಮಾತೆಲ್ಲ ಜೋಡಿಸಿಟ್ಟುಕೊಂಡೆ, ಒಂದೂ ಹೊರಗೆ ಬರಲಿಲ್ಲ. ಕಣಿವೆಯ ಮೇಲೆ ಹಿಮ ಬೀಳುತ್ತಿತ್ತು, ಗಾಡಿ ಹತ್ತುತ್ತಲೇ ಇತ್ತು. ಪಕ್ಕದಲ್ಲಿ ಅಜ್ಜ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಊರು ಕಾಣುವ ತಿರುವಿಗೆ ಬಂದಾಗ ನಾನೇ ಕೇಳಿದೆ: "ಮಗು ಹೇಗಿದೆ ಅಜ್ಜ? ನಡೀತಾ ಇದೆಯಾ?"

"ನಡೀತಾಳೆ," ಅಂದರು. "ಬಂದು ನೋಡು."

ನಮ್ಮ ದವಾಖಾನೆಯ ಗೇಟು ದಾಟಿ, ಗಾಡಿಯನ್ನು ಸೀದಾ ಅವರ ಅಂಗಳಕ್ಕೆ ತಗೊಂಡು ಹೋದೆ.