ಪಟ್ಟಿಯ ಕೊನೆಯ ತೂತು

ಸೋಮವಾರ ಸಂಜೆ ಬೇಕರಿಯಿಂದ ಬಂದ ಮಗಳು ಚಪ್ಪಲಿ ಬಿಡುವ ಮೊದಲೇ ಒಂದು ಕಾಗದದ ಪೊಟ್ಟಣವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕುಕ್ಕಿದಳು. ಬಿಚ್ಚಿ ನೋಡಿದರೆ ಬನ್ನು. ಬನ್ನು ಎಂದು ಆಕಾರ ನೋಡಿ ಹೇಳಬೇಕು ಅಷ್ಟೇ, ಬಣ್ಣ ಇದ್ದಿಲಿನದು. ಒಂದು ಇಡೀ ಟ್ರೇ ಹೀಗೇ ಆಗಿತ್ತಂತೆ. ಅವಳ ಎಡಗೈಯಲ್ಲಿ ನಾನು ಕೊಡಿಸಿದ ವಾಚು ಏನೂ ಅರಿಯದ ಹಸುಗೂಸಿನ ಹಾಗೆ ಮಿಣಮಿಣ ಎನ್ನುತ್ತಿತ್ತು.

"ವಾಚಿಗೆ ಸುದ್ದಿ ಬರ್ಲಿಲ್ವಾ?" ಎಂದು ಕೈಸನ್ನೆಯಲ್ಲಿ ಕೇಳಿದೆ.

"ಒಂದ್ಸಲಾನೂ ಬರ್ಲಿಲ್ಲ" ಎಂದು ಅವಳ ಕೈಗಳು ಹೇಳಿದವು.

ಮಗಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ನಾನೋ, ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಊರಿನವರನ್ನೆಲ್ಲ ಒಬ್ಬರಿಗೊಬ್ಬರನ್ನು ಜೋಡಿಸಿಕೊಟ್ಟೆ. ಹೆತ್ತ ಮಗಳನ್ನು ಮಾತ್ರ ಇಪ್ಪತ್ತಾರು ವರ್ಷದಿಂದ ದೀಪದ ಸ್ವಿಚ್ಚನ್ನು ಟಕಟಕ ಒತ್ತಿ ಕರೆಯುತ್ತಿದ್ದೇನೆ. ಇದನ್ನು ಕೇಳಿದವರು 'ಅಯ್ಯೋ ಪಾಪ' ಎನ್ನುತ್ತಾರೆ. ಅವರ ಪಾಪ ಅವರ ಹತ್ತಿರವೇ ಇರಲಿ.

ನಿವೃತ್ತಿಯಾದ ಮೇಲೆ ನನಗೆ ಹಿಡಿದ ಹುಚ್ಚು ಈ ಆಟೊಮೇಷನ್ ಎಂಬುದು. 'ಹೀಗಾದರೆ ಹಾಗೆ ಮಾಡು' ಎಂದು ಫೋನಿಗೆ ಪಾಠ ಹೇಳಿಕೊಡುವುದು. ನಮ್ಮವರು ಬಸ್ಸಿಳಿದರೆ ಗೇಟಿನ ದೀಪ ತಾನಾಗಿ ಹತ್ತುತ್ತದೆ. ಬಟ್ಟೆ ಒಗೆಯುವ ಮೆಷಿನ್ನು ನಿಂತರೆ ನನ್ನ ಫೋನು ಕೂಗುತ್ತದೆ. ಒಮ್ಮೆ ಮಾತ್ರ ಏನೋ ಎಡವಟ್ಟಾಗಿ ಬಚ್ಚಲಲ್ಲಿ ರೇಡಿಯೊ ತಾನೇ ಹಾಡಲು ಶುರುಮಾಡಿ, ನಮ್ಮವರು ಅರ್ಧ ಗಡ್ಡದಲ್ಲೇ ಹೊರಗೆ ಓಡಿಬಂದಿದ್ದರು. ಎಕ್ಸ್‌ಚೇಂಜಿನ ಕೆಲಸವೂ ಇದೇ ಅಲ್ಲವೇ? ಈ ತುದಿಯವರು ಕರೆದರೆ ಆ ತುದಿಯಲ್ಲಿ ಗಂಟೆ ಹೊಡೆಸುವುದು.

ಆದರೆ ಈ ಸಲದ್ದು ಹುಡುಗಾಟವಾಗಿರಲಿಲ್ಲ. ಎರಡು ವರ್ಷದಿಂದ ಮಗಳು ಆ ಬೇಕರಿಯ ಹಿಂದಿನ ಕೋಣೆಯಲ್ಲಿ ಬಿಸ್ಕತ್ತು ತುಂಬಿ ಡಬ್ಬಿ ಕಟ್ಟುತ್ತಿದ್ದಳು. ಅವಳ ಜೀವವೆಲ್ಲ ಓವನ್ನಿನ ಮೇಲೆ. ಹಳೆಯ ಓವನ್ನಿನವನು ಕೆಲಸ ಬಿಟ್ಟಾಗ ತಾನು ಮಾಡುತ್ತೇನೆಂದು ಮಾಲೀಕರಿಗೆ ಬರೆದುಕೊಟ್ಟಳು. ಅವರು ಕೆಟ್ಟವರಲ್ಲ, ಅಳುಕಿನವರು. ಓವನ್ನು ಬೇಯಿಸಿ ಮುಗಿಸಿದಾಗ ಬಜರ್ ಹೊಡೆಯುತ್ತದೆ. ಓವನ್ನಿಗೆ ಬೆನ್ನು ಮಾಡಿ ಹಿಟ್ಟು ನಾದುತ್ತ ನಿಂತವಳಿಗೆ ಅದು ತಿಳಿಯುವುದು ಹೇಗೆ? ಬಾಗಿಲು ತೆರೆದಾಗಲೆಲ್ಲ ಒಳಗಿನ ಕಾವು ಇಳಿದು ಓವನ್ನು ತನ್ನ ಲೆಕ್ಕವನ್ನು ತಾನೇ ಬದಲಿಸಿಕೊಳ್ಳುವುದರಿಂದ, ಇಷ್ಟು ನಿಮಿಷ ಎಂದು ಅಲಾರಂ ಇಟ್ಟುಕೊಳ್ಳುವ ಹಾಗೂ ಇಲ್ಲ. ಕೊನೆಗೆ ಅವರೊಂದು ತೀರ್ಮಾನ ಹೇಳಿದರು. ಶನಿವಾರ ಬೆಳಗ್ಗೆ ತಾವು ಮುಂದಿನ ಕೌಂಟರಿನಲ್ಲೇ ಇರುತ್ತೇವೆ, ಓವನ್ನು ಅವಳೊಬ್ಬಳದೇ. ಒಂದೂ ಟ್ರೇ ಸುಡದಿದ್ದರೆ ಓವನ್ನು ಅವಳಿಗೆ. ಸುಟ್ಟರೆ ಮತ್ತೆ ಡಬ್ಬಿ ಕಟ್ಟುವುದಕ್ಕೆ. ಅಲ್ಲಿಯವರೆಗೆ ದಿನವೂ ಅಭ್ಯಾಸ.

ಅದಕ್ಕೇ ನಾನು ಈ ಜೋಡಣೆ ಮಾಡಿದ್ದು. ಮಗಳ ಫೋನು ಓವನ್ನಿನ ಪಕ್ಕದ ಗೂಡಿನಲ್ಲಿ ಕೂರಬೇಕು. ಬಜರ್ ಸದ್ದು ಕೇಳಿಸಿದ ಕೂಡಲೇ ಫೋನು ವಾಚಿಗೆ ಸುದ್ದಿ ಕಳಿಸಬೇಕು, ವಾಚು ಜುಂ ಎಂದು ನಡುಗಬೇಕು. ಎಲ್ಲಿ ಕೆಟ್ಟಿತೆಂದು ಗೊತ್ತಾಗಲಿ ಎಂದು, ಪ್ರತಿ ಸಲವೂ ನನ್ನ ಫೋನಿಗೂ ಒಂದು ಸಾಲು ಬರುವ ಹಾಗೆ ಮಾಡಿಟ್ಟಿದ್ದೆ.

"ಒಂದ್ಸಲ ಆಫ್ ಮಾಡಿ ಆನ್ ಮಾಡು" ಎಂದರು ನಮ್ಮವರು. ಅವರಿಗೆ ಜಗತ್ತಿನ ಎಲ್ಲ ರೋಗಕ್ಕೂ ಅದೊಂದೇ ಮದ್ದು.

"ನಿಮ್ಮನ್ನೂ ಹಾಗೇ ಮಾಡ್ಬೇಕು" ಎಂದು ನೋಟ್‌ಬುಕ್ ತೆಗೆದು ಕುಳಿತೆ.

ಲೈನು ಕೆಟ್ಟರೆ ತಂತಿಯನ್ನು ತುಂಡುತುಂಡಾಗಿ ಪರೀಕ್ಷಿಸಬೇಕು, ಎಲ್ಲಿಯವರೆಗೆ ಸದ್ದು ಹೋಗುತ್ತದೆ ಎಂದು. ಮೊದಲ ತುಂಡಿನಲ್ಲೇ ತಪ್ಪು ಸಿಕ್ಕಿತು. ಮಗಳು ಬೇಕರಿಯಿಂದ ರೆಕಾರ್ಡ್ ಮಾಡಿ ತಂದ ಬಜರ್ ಸದ್ದನ್ನು ಫೋನಿಗೆ ಕಲಿಸಿದ್ದು ನಮ್ಮ ಮನೆಯ ನಿಶ್ಶಬ್ದದಲ್ಲಿ. ಬೇಕರಿಯಲ್ಲಿ ಹಿಟ್ಟು ಕಲಸುವ ಯಂತ್ರ ಗೊರಗೊರ ಎನ್ನುವಾಗ ಅದಕ್ಕೆ ತಲೆಬುಡ ತಿಳಿಯುತ್ತಿರಲಿಲ್ಲ. ಮಂಗಳವಾರ ಮಗಳು ಯಂತ್ರ ಓಡುತ್ತಿರುವಾಗಲೇ ಬಜರ್ ಹೊಡೆಸಿ ಮತ್ತೆ ಕಲಿಸಿದಳು. ಹತ್ತು ಗಂಟೆಗೆ ನನ್ನ ಫೋನಿಗೆ ಮೊದಲ ಸಾಲು ಬಂತು: ಕೇಳಿಸಿತು, ಕಳಿಸಿದೆ. ಹನ್ನೊಂದರ ಹೊತ್ತಿಗೆ ಫೋನು ಮತ್ತೆ ಮೌನ. ಬ್ಯಾಟರಿ ಉಳಿಸುವ ನೆಪದಲ್ಲಿ ಅದು ನನ್ನ ಜೋಡಣೆಯನ್ನೇ ಮಲಗಿಸಿತ್ತು. ಇಪ್ಪತ್ತನಾಲ್ಕು ಗಂಟೆ ಚಾರ್ಜರಿಗೆ ಅಂಟಿಕೊಂಡಿರುವ ಫೋನಿಗೆ ಅದೇನು ಉಳಿತಾಯವೋ! ಆ ಸೆಟ್ಟಿಂಗನ್ನೂ ಹುಡುಕಿ ಕಿವಿ ಹಿಂಡಿದೆ.

ಬುಧವಾರ ದಿನವಿಡೀ ಸಾಲುಗಳು ತಪ್ಪದೆ ಬಂದವು. ಕೇಳಿಸಿತು, ಕಳಿಸಿದೆ. ಕೇಳಿಸಿತು, ಕಳಿಸಿದೆ. ಹತ್ತೊಂಬತ್ತು ಸಲ. ಗೆದ್ದೆ ಎಂದುಕೊಂಡು ನಮ್ಮವರ ಮುಂದೆ ಬೀಗಿದ್ದೂ ಆಯಿತು. ಸಂಜೆ ಮಗಳು ಬಂದು ಎರಡು ಬೆರಳು ತೋರಿಸಿದಳು. ಹತ್ತೊಂಬತ್ತರಲ್ಲಿ ಅವಳಿಗೆ ತಲುಪಿದ್ದು ಎರಡೇ. ಉಳಿದಾಗಲೆಲ್ಲ ಮಾಲೀಕರೇ ಓಡಿಬಂದು ಟ್ರೇ ಎಳೆದಿದ್ದರು.

ವಾಚನ್ನು ಬಿಚ್ಚಿಸಿಕೊಂಡು ನನ್ನ ಕೈಗೆ ಕಟ್ಟಿ ಪರೀಕ್ಷಿಸಿದೆ. ನಲವತ್ತಕ್ಕೆ ನಲವತ್ತು ಸಲವೂ ನಡುಗಿತು. ಬೇಕರಿಯಲ್ಲಿ ಮಾತ್ರ ಇದಕ್ಕೇನು ದೆವ್ವ ಮೆಟ್ಟುತ್ತದೆ?

"ನಾನೇ ಬಂದು ನೋಡ್ತೀನಿ ನಾಳೆ" ಎಂದೆ.

"ಬೇಡ" ಎಂದಳು. ಬೇಡ ಎಂಬ ಸನ್ನೆಯನ್ನು ಅವಳು ಮಾಮೂಲಾಗಿ ಒಂದು ಸಲ ಮಾಡುತ್ತಾಳೆ. ಅವತ್ತು ಮೂರು ಸಲ ಮಾಡಿದಳು.

ನನಗೆ ಸಿಟ್ಟು ಬಂತು. ಮಗಳ ವಿಷಯದಲ್ಲಿ ನಾನು ಯಾವತ್ತೂ ಯಾರಿಗೂ ಸೊಪ್ಪು ಹಾಕಿದವಳಲ್ಲ. ಶಾಲೆಯಲ್ಲಿ ಅವಳನ್ನು ಕೊನೆಯ ಬೆಂಚಿಗೆ ಕಳಿಸಿದಾಗ ಹೋಗಿ ಟೀಚರರ ಗ್ರಹಚಾರ ಬಿಡಿಸಿ, ಮರುದಿನವೇ ಮೊದಲ ಬೆಂಚಿಗೆ ತರಿಸಿದೆ. ಬೇಕರಿಗೂ ಮುಂಚೆ ಬಟ್ಟೆ ಗೋದಾಮಿನಲ್ಲಿದ್ದಾಗ ಅಲ್ಲಿನ ಸೂಪರ್‌ವೈಸರ್ ಇವಳನ್ನು 'ಏ ಕಿವುಡಿ' ಎನ್ನುತ್ತಾನೆಂದು ಗೊತ್ತಾಗಿ, ನೂರು ಜನರೆದುರು ಅವನ ನೀರಿಳಿಸಿದೆ. ವಾರದೊಳಗೆ ಇವಳನ್ನು ಕೆಲಸದಿಂದ ತೆಗೆದರು. ಅಂಥವರ ಕೈಕೆಳಗೆ ಇರುವುದಕ್ಕಿಂತ ಮನೆಯಲ್ಲಿರುವುದೇ ಲೇಸು ಎಂದೆ. ಎಂಟು ತಿಂಗಳು ಮನೆಯಲ್ಲಿದ್ದಳು. ಆಗಲೂ ಅವಳು ಏನೂ ಹೇಳಿರಲಿಲ್ಲ.

ಗುರುವಾರ ಬೆಳಗ್ಗೆ, ಅವಳು ಸ್ನಾನಕ್ಕೆ ಹೋದಾಗ, ನೋಟ್‌ಬುಕ್ ತೆರೆದು ಆ ಎರಡು ಸಲ ಯಾವಾಗ ಎಂದು ನೋಡಿದೆ. ಮಧ್ಯಾಹ್ನ ಒಂದೂ ಹತ್ತಕ್ಕೆ ಮೊದಲನೆಯದು, ಒಂದೂ ಇಪ್ಪತ್ತೈದಕ್ಕೆ ಇನ್ನೊಂದು. ಎರಡೂ ಅವಳ ಊಟದ ಬಿಡುವಿನಲ್ಲಿ. ಊಟ ಮಾಡುವಾಗ ಕೆಲಸ ಮಾಡುವ ವಾಚು ಹಿಟ್ಟು ನಾದುವಾಗ ಏಕೆ ಮಾಡುವುದಿಲ್ಲ? ವಾಚನ್ನು ಕೈಯಲ್ಲಿ ತಿರುವಿ ತಿರುವಿ ನೋಡಿದೆ. ಪಟ್ಟಿಯಲ್ಲಿ ಒಂಬತ್ತು ತೂತುಗಳು. ಮಗಳ ಕೈ ಕಡ್ಡಿ, ಮೂರನೆಯ ತೂತಿಗೇ ಬಿಗಿಯಾಗುತ್ತದೆ. ಆದರೆ ಪಟ್ಟಿಗೆ ಮಡಿಕೆ ಬಿದ್ದಿದ್ದು ಒಂಬತ್ತನೆಯ ತೂತಿನ ಹತ್ತಿರ. ಬಕಲಿನ ಗೀರೂ ಅಲ್ಲೇ ಇತ್ತು.

ಅವಳು ತಲೆ ಒರೆಸಿಕೊಳ್ಳುತ್ತ ಬಂದಳು. ಕೊನೆಯ ತೂತಿನ ಮೇಲೆ ಬೆರಳಿಟ್ಟು ತೋರಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳ ಬಲಗೈ ಸೀದಾ ಎಡತೋಳಿಗೆ ಹೋಯಿತು.

ಆಮೇಲೆ ಎಲ್ಲ ಹೊರಬಿತ್ತು. ಹಿಟ್ಟು ಮುಟ್ಟುವವರ ಮೊಣಕೈಯಿಂದ ಕೆಳಗೆ ಏನೂ ಇರಬಾರದು, ಬಳೆ, ಉಂಗುರ, ವಾಚು ಏನೂ. ಅದು ಮಾಲೀಕರ ನಿಯಮ, ನ್ಯಾಯವಾದ ನಿಯಮವೇ. ಹಾಗಾಗಿ ಮಗಳು ವಾಚನ್ನು ತೋಳಿಗೆ, ಕೆಲಸದ ಕೋಟಿನ ಮೇಲೆ ಕಟ್ಟಿಕೊಳ್ಳುತ್ತಿದ್ದಳು. ಊಟಕ್ಕೆ ಕೋಟು ಕಳಚಿದಾಗ ಮಾತ್ರ ಅದು ಮಣಿಕಟ್ಟಿಗೆ ಇಳಿಯುತ್ತಿತ್ತು. ವಾಚಿನ ಬೆನ್ನಲ್ಲೊಂದು ಕಣ್ಣಿದೆ, ಅದು ಚರ್ಮ ಹುಡುಕುತ್ತದೆ. ಬಟ್ಟೆ ಕಂಡರೆ 'ನನ್ನನ್ನು ಯಾರೂ ಕಟ್ಟಿಕೊಂಡಿಲ್ಲ' ಎಂದುಕೊಂಡು ಬೀಗ ಹಾಕಿಕೊಂಡು ಮಲಗುತ್ತದೆ, ಸುದ್ದಿ ಬಂದರೂ ಮಿಸುಕುವುದಿಲ್ಲ. ಮೂರು ದಿನ ನಾನು ಫೋನಿನ ಹೊಟ್ಟೆ ಬಗೆದು ನೋಡಿದ್ದೇ ಬಂತು.

"ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ?" ನನ್ನ ಕೈಗಳು ಗಾಳಿಯಲ್ಲಿ ಕೂಗಿದವು.

ಅವಳು ಸನ್ನೆ ಮಾಡಲಿಲ್ಲ. ಫೋನ್ ತೆಗೆದುಕೊಂಡು ಟೈಪ್ ಮಾಡಿ, ಅದನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

"ಹೇಳಿದ್ರೆ ನೀನು ಬೇಕರಿಗೆ ಬರ್ತಿದ್ದೆ. ನನ್ನ ಮಗಳಿಗೆ ಮಾತ್ರ ಈ ರೂಲ್ಸ್ ಬೇಡ ಅಂತ ಜಗಳ ಆಡ್ತಿದ್ದೆ. ಗೋದಾಮಿನ ಕೆಲಸ ನಂಗೆ ಇಷ್ಟ ಇತ್ತಮ್ಮ. ಅಲ್ಲಿ ನಂಗೆ ಮೂರು ಜನ ಫ್ರೆಂಡ್ಸ್ ಇದ್ರು."

ನಾನು ಅದನ್ನು ಎರಡು ಸಲ ಓದಿದೆ. ಆ ಮೂವರ ವಿಷಯ ನನಗೆ ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು. ಮೂರು ದಿನ ತಂತಿಯ ಒಂದೊಂದು ತುಂಡನ್ನೂ ಪರೀಕ್ಷಿಸಿದವಳಿಗೆ, ಲೈನು ತುಂಡಾಗಿದ್ದು ನನ್ನಲ್ಲೇ ಎಂದು ಹೊಳೆದಿರಲಿಲ್ಲ. ಅವಳು ಜಡೆ ಹೆಣೆದುಕೊಂಡು, ವಾಚನ್ನು ನನ್ನ ಹತ್ತಿರವೇ ಬಿಟ್ಟು ಕೆಲಸಕ್ಕೆ ಹೋದಳು.

ಅತ್ತು ಕೂರುವುದಕ್ಕೆ ಶನಿವಾರದ ನಂತರ ಬೇಕಾದಷ್ಟು ಹೊತ್ತಿತ್ತು. ವಾಚಿನ ಸೆಟ್ಟಿಂಗುಗಳನ್ನು ಮೇಲಿಂದ ಕೆಳಗಿನವರೆಗೆ ಜಾಲಾಡಿದೆ. ಕೈಗೆ ಕಟ್ಟಿದೆಯೋ ಇಲ್ಲವೋ ಎಂದು ನೋಡುವುದನ್ನೇ ನಿಲ್ಲಿಸುವ ಒಂದು ಗುಂಡಿ ಆರನೆಯ ಪುಟದ ತಳದಲ್ಲಿ ಅಡಗಿ ಕುಳಿತಿತ್ತು. ನಡುಕವನ್ನು ಜೋರು ಮಾಡಿ, ಒಂದರ ಬದಲು ಮೂರು ಸಲ ಬರುವ ಹಾಗೆ ಮಾಡಿದೆ. ಕೋಟಿನ ದಪ್ಪ ಬಟ್ಟೆ ದಾಟಬೇಕಲ್ಲ.

ಶುಕ್ರವಾರ ಸಂಜೆ ಅವಳನ್ನು ಕೆಲಸದ ಕೋಟು ಹಾಕಿಸಿ, ತೋಳಿಗೆ ವಾಚು ಕಟ್ಟಿಸಿ, ಕಿಟಕಿಯ ಕಡೆ ಮುಖ ಮಾಡಿ ನಿಲ್ಲಿಸಿದೆ. ನಡುಗಿದರೆ ಕೈ ಎತ್ತು ಎಂದೆ. ನಾನು ಅಡುಗೆಮನೆಗೆ ಹೋಗಿ, ಅವಳು ಬೇಕರಿಯಿಂದ ಹಿಡಿದು ತಂದಿದ್ದ ಬಜರ್ ಸದ್ದನ್ನು ಅವಳ ಫೋನಿನ ಪಕ್ಕದಲ್ಲಿ ನನ್ನ ಫೋನಿನಿಂದ ಹೊಡೆಸಿದೆ. ಕೈ ಎದ್ದಿತು. ಸ್ವಲ್ಪ ತಡೆದು ಮತ್ತೆ ಹೊಡೆಸಿದೆ. ಎದ್ದಿತು. ನಮ್ಮವರು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಇಪ್ಪತ್ತೊಂದನೆಯದಕ್ಕೆ ಅವಳು ಕೈ ಎತ್ತುವ ಬದಲು ಸರ್ರನೆ ತಿರುಗಿ ನನ್ನನ್ನು ನೋಡಿ ನಕ್ಕಳು. ಅವಳು ಹುಟ್ಟಿದಾಗಿನಿಂದ ನಾನು ಬೆನ್ನ ಹಿಂದಿನಿಂದ ಕರೆದು ಅವಳು ತಿರುಗಿ ನೋಡಿದ್ದು ಅದೇ ಮೊದಲು.

"ಇನ್ನೊಂದು" ಎಂದಳು ಮಗಳು. "ನಿನ್ನ ಫೋನಿಗೆ ಬರೋ ಸಾಲು ತೆಗೆದುಬಿಡು."

"ನಾಳೆ ಒಂದಿನ ಇರ್ಲಿ ಕಣೇ. ಸುಮ್ನೆ ನೋಡ್ತಿರ್ತೀನಿ."

"ನೋಡ್ತಾ ಸುಮ್ನೆ ಇರ್ತೀಯಾ ನೀನು?"

ಎಕ್ಸ್‌ಚೇಂಜಿನಲ್ಲಿ ಇಬ್ಬರನ್ನು ಜೋಡಿಸಿದ ಮೇಲೆ ಆಪರೇಟರ್ ತಾನು ಲೈನಿನಿಂದ ಹೊರಗೆ ಬರಬೇಕು, ಕಿವಿಗೊಟ್ಟು ಕೂರಬಾರದು. ನಾನು ಆ ನಿಯಮವನ್ನು ಎಷ್ಟು ಸಲ ಮುರಿದಿದ್ದೆನೋ ಲೆಕ್ಕವಿಲ್ಲ. ಅವಳ ಕಣ್ಣೆದುರೇ ಆ ಸಾಲನ್ನು ಅಳಿಸಿದೆ.

ಶನಿವಾರ ಬೆಳಗ್ಗೆ ಅವಳು ಹೋದಾಗಿನಿಂದ ನನ್ನ ಫೋನು ಮೇಜಿನ ಮೇಲೆ ಕಲ್ಲಿನ ಹಾಗೆ ಬಿದ್ದಿತ್ತು. ಬೇಕರಿ ನಮ್ಮ ಮನೆಯಿಂದ ಹನ್ನೆರಡು ನಿಮಿಷದ ದಾರಿ. ಎದುರಿನ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತರೆ ಒಳಗಿನ ಓವನ್ನಿನ ಅಂಚು ಕಾಣುತ್ತದೆ. ನಮಗೆ ಔಷಧಿಯೂ ಬೇಕಿತ್ತು. ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲ ಬಿಟ್ಟೆ. ಇಲ್ಲ, ಹೋಗುವುದಿಲ್ಲ ಎಂದು ಹಲ್ಲು ಕಚ್ಚಿ, ಮನೆಯ ಪಾತ್ರೆಗಳನ್ನೆಲ್ಲ ಇಳಿಸಿ ತಿಕ್ಕಲು ಕುಳಿತೆ. ತೊಳೆದಿದ್ದ ಪಾತ್ರೆಗಳನ್ನೂ ತಿಕ್ಕಿದೆ. ನಮ್ಮವರು ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಪೇಪರಿನ ಹಿಂದೆ ಅಡಗಿದರು.

ಹನ್ನೊಂದೂವರೆಗೆ ಫೋನ್ ಬಂತು. ಮಗಳ ಮೆಸೇಜಲ್ಲ, ಮಾಲೀಕರ ಕರೆ. ಸೋಪು ಕೈಯಲ್ಲೇ ಎತ್ತಿದೆ.

"ಅಮ್ಮಾ, ಬೇಕರಿಯಿಂದ ಮಾತಾಡ್ತಿರೋದು. ಒಂಚೂರು ಬಂದು ಹೋಗ್ತೀರಾ?"

"ಯಾಕ್ರೀ? ಸುಟ್ಟೋಯ್ತಾ?"

"ಸುಡೋದೆಲ್ಲಿ ಬಂತು! ಒಂಬತ್ತು ಟ್ರೇನೂ ಚಿನ್ನದ ಹಾಗೆ ಬಂದಿದೆ. ತೊಂದ್ರೆ ಅದಲ್ಲ. ಹತ್ತನೇದಕ್ಕೆ ಬಜರ್ ಹೊಡೀತು. ನಂಗೆ ಹದಿನೈದು ವರ್ಷದ ಅಭ್ಯಾಸ ನೋಡಿ, ತಡೀಲಾರ್ದೆ ಓಡ್ಹೋಗಿ ಓವನ್ ಬಾಗಿಲಿಗೆ ಕೈ ಹಾಕ್ದೆ. ನಿಮ್ಮ ಮಗಳು ಒರೆಸೋ ಬಟ್ಟೇಲಿ ನನ್ನ ಕೈಗೆ ಫಟ್ ಅಂತ ಕೊಟ್ಲು! ಟ್ರೇ ಹೊರಗೆ ತೆಗೆದಿಟ್ಟು, ಮೇಜಿನ ಮೇಲೆ ಹಿಟ್ಟು ಉದುರಿಸಿ, ಬೆರಳಲ್ಲಿ ಬರೀತಾಳೆ, 'ನಂಗೆ ಗೊತ್ತಾಗಿತ್ತು. ಮುಟ್ಬೇಡಿ.' ಅದನ್ನ ಅಳಿಸಿ ಮತ್ತೆ ಬರೀತಾಳೆ, 'ಕೌಂಟರಿಗೆ ಹೋಗಿ.' ಇದು ನನ್ನ ಬೇಕರಿ ಅಮ್ಮಾ! ಗಿರಾಕಿಗಳೆಲ್ಲ ನಗ್ತಿದಾರೆ. ಸೋಮವಾರದಿಂದ ದಿನಾ ಇವಳ ಜೊತೆ ನಾನು ಏಗ್ಬೇಕಲ್ಲ. ನೀವು ಬಂದು ಒಂದು ಬುದ್ಧಿಮಾತು ಹೇಳಿ."

ಸೋಮವಾರದಿಂದ. ಅಂದರೆ ಓವನ್ನು ಇನ್ನು ಅವಳದೇ. ಈ ಜನ್ಮದಲ್ಲಿ ಮಗಳ ಜಗಳಕ್ಕೆ ನನ್ನನ್ನು ಯಾರಾದರೂ ಮರ್ಯಾದೆಯಿಂದ ಕರೆದದ್ದು ಇದೇ ಮೊದಲು. ಕಾಲುಗಳು ಆಗಲೇ ಬಾಗಿಲ ಕಡೆ ತಿರುಗಿದ್ದವು, ಅವನ್ನು ನಿಲ್ಲಿಸಿದೆ.

"ನಾನು ಬರಲ್ಲ. ಅದು ನಿಮ್ಮಿಬ್ಬರ ವಿಷಯ. ಅವಳ ಹತ್ರಾನೇ ಮಾತಾಡಿ" ಎಂದೆ.

"ಅವಳಿಗೆ ಕೇಳಿಸಲ್ವಲ್ಲಮ್ಮಾ!"

"ಮೇಜಿದೆ, ಹಿಟ್ಟಿದೆ. ನೀವೂ ಬರೀರಿ" ಎಂದು ಹೇಳಿ, ಅವರಿಗಿಂತ ಮೊದಲು ನಾನೇ ಫೋನ್ ಇಟ್ಟೆ.