ಮನೆಗೆ ಬೀಗ ಹಾಕಿತ್ತು

ಹೂವಿನ ಹಾರವನ್ನು ಶವಪೆಟ್ಟಿಗೆಯ ಮೇಲಿಟ್ಟು ಕಣ್ಣು ಮುಚ್ಚಿ ನಿಂತಿದ್ದ ಪಾರ್ಸೆಲ್ ಕೇಂದ್ರದ ಮ್ಯಾನೇಜರು, ಕಣ್ಣು ಬಿಟ್ಟವರೇ ತೀರಿಕೊಂಡವರ ಮಗಳನ್ನು ಅಡುಗೆಮನೆಯ ಕಡೆಗೆ ಕರೆದು ಚೀಲದಿಂದ ಒಂದು ಕಾಗದ ತೆಗೆದರು.

“ಒಂದ್ ಸಹಿ ಆಗ್ಬೇಕಿತ್ತಮ್ಮ. ಹೊತ್ತಲ್ಲದ ಹೊತ್ತು, ನಂಗೂ ಗೊತ್ತು. ಆದ್ರೆ ನಾಳೆ ಬೆಳಿಗ್ಗೆ ಮೇಲಿನವ್ರು ತನಿಖೆಗೆ ಬರ್ತಿದಾರೆ.”

ಮಗಳು ಓದಿದಳು. ಪಾರ್ಸೆಲ್ ಕೇಂದ್ರದ ಶೆಡ್ಡಿನಲ್ಲಿ ತಿಂಗಳುಗಳಿಂದ ಮುನ್ನೂರು ಪಾರ್ಸೆಲ್‌ಗಳು ಬಿದ್ದಿವೆ. ಒಂದನ್ನೂ ಗಾಡಿಗೆ ಹತ್ತಿಸಿಲ್ಲ. ಆದರೂ ಪ್ರತಿಯೊಂದರ ಮುಂದೆ ‘ಹೋಗಿದ್ದೆವು, ಮನೆಗೆ ಬೀಗ ಹಾಕಿತ್ತು’ ಎಂದು ದಾಖಲಾಗಿದೆ. ಹಾಗೆ ದಾಖಲಿಸಿದ್ದು ಮೇಲ್ವಿಚಾರಕರಾಗಿದ್ದ ಅವಳ ತಂದೆ, ತಮ್ಮ ಸ್ವಂತ ಬುದ್ಧಿಯಿಂದ; ಇದು ಮನೆಯವರಿಗೂ ತಿಳಿದಿತ್ತು, ಎಂದಿತ್ತು ಕಾಗದ. ಕೆಳಗೆ ಅವಳ ಸಹಿಗೆ ಜಾಗ.

“ಅಪ್ಪ ಹೀಗ್ ಮಾಡಿದ್ರು ಅಂತೀರಾ?”

“ನಾನ್ಯಾಕಮ್ಮ ಅನ್ಲಿ? ದಾಖಲೆಲಿರೋ ನಂಬರು ಅವರದ್ದು. ಹೋದವರನ್ನ ಯಾರೂ ಕರೆಸಿ ಕೇಳಲ್ಲ. ಇರೋ ನಾಲ್ಕ್ ಜನದ ಕೆಲಸ ಉಳಿಯತ್ತೆ.”

ಅವರು ಪೆನ್ನನ್ನೂ ಕೊಟ್ಟು ಅಂಗಳಕ್ಕಿಳಿದರು. ಮಗಳು ಕಾಗದವನ್ನು ಹರಿದು ಎಸೆಯಬಹುದಿತ್ತು. ಕೈ ಬರಲಿಲ್ಲ. ಅದರಲ್ಲಿದ್ದದ್ದು ನಿಜವೇ ಇರಬಹುದು ಎಂಬ ಹುಳ ಎರಡು ತಿಂಗಳಿಂದ ಅವಳ ತಲೆಯನ್ನೂ ಕೊರೆಯುತ್ತಿತ್ತು.

*

ಎರಡು ತಿಂಗಳ ಹಿಂದೆ ಒಂದು ರಾತ್ರಿ ಅಪ್ಪ ಊಟಕ್ಕೆ ಕೂತಿದ್ದರು. ಕೇಂದ್ರದಲ್ಲಿ ಅವರಿಗೆ ‘ಗುಮಾನಿ’ ಎಂದೇ ಅಡ್ಡಹೆಸರು. ಕಲ್ಲಂಗಡಿ ಕೊಳ್ಳುವವರ ಹಾಗೆ ಪ್ರತಿ ಪಾರ್ಸೆಲನ್ನೂ ಬಡಿದು, ಕಿವಿಗೆ ಹಿಡಿದು ನೋಡುತ್ತಿದ್ದರಂತೆ. ಮನೆಯಲ್ಲೂ ಅಷ್ಟೇ, ಒಲೆ ಆರಿಸಿದೆ ಎಂದರೆ ಎದ್ದು ಹೋಗಿ ನೋಡಿ ಬರುತ್ತಿದ್ದರು.

“ಅಪ್ಪ, ಎದುರುಮನೆ ಅಜ್ಜಿ ಔಷಧಿಗೆ ಕಾಯ್ತಾ ದಿನವಿಡೀ ಬಾಗಿಲಲ್ಲೇ ಕೂತಿದ್ರಂತೆ. ಮನೆಗೆ ಬೀಗ ಅಂತ ಮೆಸೇಜ್ ಬಂತಂತೆ. ಹದಿನೇಳನೇ ನಂಬರಿಂದ.”

ಅಪ್ಪ ನೀರು ಕುಡಿದರು.

“ಹದಿನೇಳು ಅಂದ್ರೆ ನೀವೇ ಅಲ್ವಾ?”

“ನಾಲ್ಕ್ ಗಂಟೆಗೆ ಪಟ್ಟಿ ಖಾಲಿ ಕಾಣ್ಬೇಕು ಕಣೇ. ಉಳಿದಿದ್ದಕ್ಕೆಲ್ಲ ಫೋನಲ್ಲೇ ಒಟ್ಟಿಗೆ ಒಂದೇ ಕಾರಣ ಒತ್ತಿಬಿಡ್ತಾರೆ.”

“ಒತ್ತಿಬಿಡ್ತಾರೆ ಅಂದ್ರೆ? ಯಾರು?”

“ಊಟ ಆರತ್ತೆ, ಮಾಡು.”

ಮರುದಿನ ಅಜ್ಜಿಯ ಔಷಧಿಯನ್ನು ಅಪ್ಪನೇ ತಂದುಕೊಟ್ಟರು. ತಪ್ಪು ಮಾಡದವರು ಯಾಕೆ ಹೀಗೆ ತಲೆ ತಗ್ಗಿಸಿಕೊಂಡು ಹೋಗಿ ಕೊಡಬೇಕು ಎಂದುಕೊಂಡಳು ಮಗಳು. ಮತ್ತೆ ಕೇಳಲಿಲ್ಲ. ನಿನ್ನೆ ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದ ಅಪ್ಪ ಮೇಲೇಳಲಿಲ್ಲ.

*

ಕೇಂದ್ರದಲ್ಲಿ ಪಾರ್ಸೆಲ್ ವಿಂಗಡಿಸುವ ಹೆಂಗಸು ಮತ್ತು ಗಾಡಿಯ ಡ್ರೈವರ್ ಪೆಟ್ಟಿಗೆಯ ಆಚೆ ಗೋಡೆಗೊರಗಿ ಕೂತಿದ್ದರು. ಮಗಳು ಕಾಗದ ಹಿಡಿದುಕೊಂಡೇ ಅವರ ಪಕ್ಕ ಕುಕ್ಕರಿಸಿದಳು.

“ಅಕ್ಕಾ, ಅಪ್ಪ ಸುಳ್ಳು ಬೀಗ ಹಾಕ್ತಿದ್ರಾ?”

ಹೆಂಗಸು ಒಮ್ಮೆ ಅಂಗಳದ ಕಡೆ ನೋಡಿದಳು. “ನಂಗೇನ್ ಗೊತ್ತಮ್ಮ. ನಾನು ಡಬ್ಬದ ಮೇಲಿನ ವಿಳಾಸ ಓದೋಳು. ಮನುಷ್ಯರ ಮುಖ ಓದೋಳಲ್ಲ.”

“ಹೇಳ್ಬಾರ್ದೇನಕ್ಕಾ?” ಎಂದ ಡ್ರೈವರ್.

“ನೀನ್ ಹೇಳಪ್ಪ. ನಿಂಗೂ ದೇವ್ರು ಬಾಯಿ ಕೊಟ್ಟಿದಾನೆ.”

ಡ್ರೈವರ್ ತನ್ನ ಉಗುರು ನೋಡಿಕೊಂಡ. ಹೆಂಗಸೇ ತಗ್ಗಿದ ದನಿಯಲ್ಲಿ, “ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರೆ. ನಮ್ ಶೆಡ್ಡಲ್ಲಿ ಉಲ್ಟಾ. ಸತ್ತೋರಿಗೆ ಹತ್ತು ತಪ್ಪು,” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುವಿಗೋ, ಮಾತಿಗೋ ತಿಳಿಯಲಿಲ್ಲ.

ಗೇಟಿನ ಬಳಿ ಮ್ಯಾನೇಜರು ಫೋನಿನ ಮೇಲೆ ಹೆಬ್ಬೆರಳಾಡಿಸುತ್ತಿದ್ದರು.

“ಸಾವಿನ ಮನೇಲೂ ಬಿಡುವಿಲ್ಲ ನೋಡು ಪಾಪ,” ಎಂದರು ಚಿಕ್ಕಪ್ಪ. ಅಮ್ಮ ಒಳಗಿನಿಂದ ಕೇಳಿದಳು, “ಏನೇ ಅದು ಕಾಗ್ದ?”

“ಏನಿಲ್ಲಮ್ಮ. ಆಫೀಸಿನದ್ದು.”

ಮುನ್ನೂರು ಮನೆಯವರು ಬಾಗಿಲಲ್ಲಿ ಕಾದು ಕೂತಿರಬಹುದು. ಅಪ್ಪನೇ ಒತ್ತಿದ್ದರೆ ಒಪ್ಪಿಕೊಳ್ಳುವುದೇ ಮರ್ಯಾದೆ. ಅವಳು ಕಾಗದವನ್ನು ಮಂಡಿಯ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದಳು.

“ಅಮ್ಮಾವ್ರೆ, ಬಾಗಿಲು ಬಿಚ್ಚಬೇಕು,” ಎಂದ ಪಕ್ಕದ ಮನೆಯ ಬಡಗಿ. “ತರೋವಾಗ ಖಾಲಿ ಪೆಟ್ಟಿಗೆ, ಓರೆ ಮಾಡ್ಕೊಂಡ್ ತಂದ್ವಿ. ಈಗ ಅವರನ್ನ ಓರೆ ಮಾಡಕ್ಕಾಗತ್ತಾ?”

ಅವನು ಸ್ಕ್ರೂಗಳನ್ನು ಕಳಚಿ ಕದವನ್ನು ಎತ್ತಿದ. ಇಡಲು ಜಾಗವಿರಲಿಲ್ಲ, ಹೊಸ್ತಿಲವರೆಗೂ ಜನ. “ಸಾರ್, ಸುಮ್ನೆ ನಿಂತಿದೀರಲ್ಲ. ಸ್ವಲ್ಪ ಇದನ್ನ ಹಿಡ್ಕೊಳಿ.” ಮ್ಯಾನೇಜರು ಫೋನನ್ನು ಜೇಬಿಗೆ ಸೇರಿಸಿ, ಬಂದು, ಎರಡೂ ಕೈಗಳಲ್ಲಿ ಕದವನ್ನು ತಬ್ಬಿ ನಿಂತರು.

ಅಷ್ಟರಲ್ಲಿ ಅಪ್ಪನ ಫೋನು ಗುಂಯ್‌ಗುಟ್ಟಿತು. ಬೆಳಗಿನಿಂದ ಕರೆಗಳು ಬರುತ್ತಿದ್ದುದರಿಂದ ಅದು ಮಗಳ ಬಳಿಯೇ ಇತ್ತು. ಈ ಸಲ ಕರೆಯಲ್ಲ. ಅಮ್ಮನ ಮೊಣಕಾಲಿಗೆ ಸುತ್ತುವ ಪಟ್ಟಿಯೊಂದಕ್ಕೆ ಅಪ್ಪ ಯಾವಾಗಲೋ ಆರ್ಡರ್ ಕೊಟ್ಟಿದ್ದರೆಂದು ತೋರುತ್ತದೆ.

‘ನಿಮ್ಮ ಪಾರ್ಸೆಲ್ (ಮೊಣಕಾಲು ಪಟ್ಟಿ) ತಲುಪಿಸಲು ಬಂದಿದ್ದೆವು. ಮನೆಗೆ ಬೀಗ ಹಾಕಿತ್ತು. ಇಂದು, ೩.೫೮. ಮೇಲ್ವಿಚಾರಕ ೧೭.’

ಗೋಡೆಯ ಗಡಿಯಾರದಲ್ಲಿ ಆಗಷ್ಟೇ ನಾಲ್ಕಾಗಿತ್ತು. ಅವಳು ಎರಡು ಸಲ ಓದಿದಳು. ಪೆನ್ನಿಗೆ ಮುಚ್ಚಳ ಹಾಕಿದಳು.

ಆರು ಜನ ಹದಿನೇಳನೇ ನಂಬರನ್ನು ಎತ್ತಿಕೊಂಡು, “ನಿಧಾನ, ನಿಧಾನ” ಎನ್ನುತ್ತ, ಕದವಿಲ್ಲದ ಬಾಗಿಲಿನಿಂದ ಹೊರಗಿಳಿದರು. ಪೆಟ್ಟಿಗೆ ದಾಟಿದ ಮೇಲೆ ಮಗಳು ಮ್ಯಾನೇಜರ ಎದುರಿಗೆ ಹೋಗಿ ಫೋನನ್ನು ಅವರ ಕಣ್ಣ ಮಟ್ಟಕ್ಕೆ ಹಿಡಿದಳು. ಅವರು ಓದಿದರು. ಮುಖ ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಬಿಟ್ಟರೆ ಕದ ಮೈಮೇಲೇ ಬೀಳುತ್ತಿತ್ತು.