ಎಡಮಗ್ಗುಲು

"ಏನ್ ಭಾವಾ, ಇದ್ದೀರೋ ಹೋದ್ರೋ? ಬರೀ ಕಾಲು ಕಾಣ್ತಿದೆ!"

ಲಾರಿಯ ಅಡಿಯಿಂದ ಉತ್ತರ ಬರಲಿಲ್ಲ. ಹಿಂದಿನ ಚಕ್ರದ ಬಳಿ ಹಳೇ ಗೋಣಿಚೀಲ ಹಾಸಿಕೊಂಡು ಒಂದು ಮಗ್ಗುಲಾಗಿ ಮಲಗಿದ್ದ ಭಾವ ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದ. ಹಿಂದಿನ ಮಡ್‌ಗಾರ್ಡಿನ ಅಂಚಿನಿಂದ ಬ್ಯಾಟರಿ ಪೆಟ್ಟಿಗೆಯವರೆಗೆ ಹೊಸದೊಂದು ಗೀರು ಬಿದ್ದಿತ್ತು. ಅದರ ಉದ್ದಕ್ಕೂ ದಾರ ಹಿಡಿದು, ಮುಗಿಯುವಲ್ಲಿ ಗಂಟು ಹಾಕಿ, ದಾರವನ್ನು ಅಂಗಿಯ ಜೇಬಿಗೆ ಸೇರಿಸಿದ. ಆಮೇಲೆ ಟಾರ್ಚು ತೆಗೆದು ಕೇಳಿದ.

"ಇದು ಎಲ್ಲಾಯ್ತು?"

"ಯಾವ್ದು?"

"ಬ್ಯಾಟರಿ ಹತ್ರ ಇರೋದು."

"ಓ, ಅದಾ? ಯಾವ್ದೋ ಗೋಡೆಗೆ ಮುತ್ತು ಕೊಟ್ಟಿರುತ್ತೆ ಬಿಡಿ. ಎಡಗಡೆ ಗೀರಿಲ್ದೇ ಇರೋ ಲಾರಿ ಒಂದು ತೋರ್ಸಿ ನೋಡೋಣ." ಮೈದುನ ನಕ್ಕು ಒಳಗೆ ಹೊರಟ. ಬಾಗಿಲು ದಾಟುವಾಗ ಎಡ ಭುಜ ಚೌಕಟ್ಟಿಗೆ ಬಡಿಯಿತು. "ಇದರಜ್ಜಿ! ಈ ಬಾಗ್ಲು ವರ್ಷ ವರ್ಷ ಚಿಕ್ಕದಾಗ್ತಿದೆ ಕಣಕ್ಕಾ," ಎಂದು ಕೂಗಿದ. ಅಡುಗೆಮನೆಯಿಂದ ಅಕ್ಕ, "ಬಾಗ್ಲಲ್ಲ ಕಣೋ, ನಿನ್ನ ಹೊಟ್ಟೆ ದೊಡ್ಡದಾಗ್ತಿದೆ," ಎಂದಳು.

ಭಾವ ಗೋಣಿಚೀಲ ಸುತ್ತಿಕೊಂಡು ಎದ್ದ.

ಅವನ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ತಿದ್ದಿ, ಹಲ್ಲು ಕೂರಿಸಿ, ಉಜ್ಜಿ ನಯ ಮಾಡಿ ವಾಪಸು ಕಳಿಸುತ್ತಿದ್ದ. ದಾರಿಯಲ್ಲಿ ಯಾರಾದರೂ ಎದುರಾಗಿ ನಕ್ಕರೆ ಮುಖಕ್ಕಿಂತ ಮೊದಲು ಹಲ್ಲು ನೋಡುವುದು ಅವನ ಅಭ್ಯಾಸ. ಅದರಿಂದ ಹೆಂಡತಿ ಎಷ್ಟೋ ಸಲ ಮುಜುಗರಪಟ್ಟಿದ್ದಳು. ಸಂಜೆ ಹಲ್ಲಿನ ಕೆಲಸ ಮುಗಿದ ಮೇಲೆ ಅದೇ ಮೇಜಿನ ಮೇಲೆ, ಅದೇ ಸಣ್ಣ ಚಾಕು, ಅರ, ಕುಂಚಗಳಲ್ಲಿ ಅವನು ಕಾರು, ಲಾರಿಗಳನ್ನು ಕಟ್ಟುತ್ತಿದ್ದ. ಎಲ್ಲವೂ ನಿಜವಾದ ಗಾಡಿಗಿಂತ ಇಪ್ಪತ್ತನಾಲ್ಕು ಪಟ್ಟು ಚಿಕ್ಕವು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡಿದ ಮೈ, ತಂತಿ ಬಗ್ಗಿಸಿ ಮಾಡಿದ ಕನ್ನಡಿ, ತಿರುಗಿಸಿದರೆ ತಿರುಗುವ ಚಕ್ರ. ಗಾಜಿನ ಕಪಾಟಿನಲ್ಲಿ ಒಂದು ನೀರಿನ ಟ್ಯಾಂಕರ್, ಹಾಲಿನ ವ್ಯಾನು, ಬಾಗಿಲು ತೆರೆದಿಟ್ಟ ಟ್ಯಾಕ್ಸಿ ಸಾಲಾಗಿ ನಿಂತಿದ್ದವು. ಅವೆಲ್ಲ ಕಟ್ಟಿ ಮುಗಿದವು. ಮೈದುನ ಓಡಿಸುವ ಲಾರಿಯ ಚಿಕ್ಕ ರೂಪ ಮಾತ್ರ ಮುಗಿಯುವಂಥದ್ದಲ್ಲ.

ಅದನ್ನು ಕಟ್ಟಿದ ವರ್ಷ ನಿಜವಾದ ಲಾರಿ ಹೊಸದು. ಹೆಂಡತಿ ಹಳೇ ಕರವಸ್ತ್ರವನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿ ಟಾರ್ಪಾಲು ಮಾಡಿಕೊಟ್ಟಿದ್ದಳು, ರವಿಕೆಯ ಚೂರಿನಲ್ಲಿ ಸೀಟಿನ ಕವರು ಹೊಲಿದಿದ್ದಳು. ಮೊದಲ ಗೀರು ಬಿದ್ದಾಗ ಮೈದುನ ಮುಖ ಸಣ್ಣದು ಮಾಡಿಕೊಂಡು ಬಂದಿದ್ದ. ಭಾವ ಅವನನ್ನು ಗೇಲಿ ಮಾಡಲೆಂದು ಚಿಕ್ಕ ಲಾರಿಗೂ ಅಲ್ಲೇ ಒಂದು ಗೀರು ಎಳೆದ. ಅಲ್ಲಿಂದ ಅದು ರೂಢಿಯಾಯಿತು. ಮೈದುನ ಸರಕು ಹೊತ್ತು ಈ ಕಡೆ ಬಂದಾಗಲೆಲ್ಲ ಭಾವ ಲಾರಿಯ ಸುತ್ತ ಒಂದು ಸುತ್ತು ಬರುತ್ತಿದ್ದ. ದೊಡ್ಡದಕ್ಕೆ ಆದದ್ದು ಚಿಕ್ಕದಕ್ಕೂ ಆಗುತ್ತಿತ್ತು. ಹೊಸ ಗೀರಿಗೆ ಬೆಳ್ಳಿ ಬಣ್ಣದ ಪೆನ್ಸಿಲ್ಲು. ಮುಂದಿನ ಸಲ ಅಲ್ಲಿ ತುಕ್ಕು ಹತ್ತಿದ್ದರೆ ಅದರ ಮೇಲೆ ತೆಳುವಾದ ಕಂದು. ಅದಕ್ಕೂ ಮುಂದಿನ ಸಲ ಇಟ್ಟಿಗೆ ಪುಡಿ ಕಲಸಿದ ಗಾಢ ಬಣ್ಣ. ಯಾವ ಗೀರು ಹಳೆಯದು, ಯಾವುದು ಈಚಿನದು ಎಂಬುದನ್ನು ಬಣ್ಣವೇ ಹೇಳುತ್ತಿತ್ತು.

ಆ ಸಂಜೆ ಭಾವ ಗೀರಿನ ಉದ್ದವನ್ನು ಅಳೆದು ಕಿರಿದುಗೊಳಿಸಿ ಚಿಕ್ಕ ಲಾರಿಯ ಎಡಮಗ್ಗುಲಿಗೆ ಬೆಳ್ಳಿ ಗೆರೆ ಎಳೆದ. ಒಣಗಲೆಂದು ಅದನ್ನು ದೀಪದ ಕೆಳಗೆ ಓರೆಯಾಗಿ ನಿಲ್ಲಿಸಿ ಕನ್ನಡಕ ಒರೆಸಿಕೊಂಡ. ಮತ್ತೆ ಹಾಕಿಕೊಂಡು ನೋಡಿದಾಗ ಎಡಮಗ್ಗುಲು ಮೀನಿನ ಮೈಯಂತೆ ಮಿನುಗುತ್ತಿತ್ತು.

ಲಾರಿಯನ್ನು ತಿರುಗಿಸಿದ. ಬಲಗಡೆ ಅಲ್ಲೊಂದು ಇಲ್ಲೊಂದು ಗೀರು, ಎಲ್ಲವೂ ಮಾಸಿದ ಕಂದು. ಮತ್ತೆ ಎಡಕ್ಕೆ ತಿರುಗಿಸಿದ. ಬಾಗಿಲ ಕೆಳಗೆ, ಬ್ಯಾಟರಿ ಪೆಟ್ಟಿಗೆಯ ಮೇಲೆ, ಮಡ್‌ಗಾರ್ಡಿನ ತುದಿಯಲ್ಲಿ, ಹಿಂದಿನ ಮೂಲೆಯಲ್ಲಿ, ಎಲ್ಲ ಕಡೆ ಬೆಳ್ಳಿ. ಒಂದೊಂದನ್ನೂ ಅವನೇ ಎಳೆದಿದ್ದ. ಒಂದೊಂದಾಗಿ ಎಳೆದವನಿಗೆ ಅವೆಲ್ಲ ಒಟ್ಟಿಗೆ ಎಂದೂ ಕಂಡಿರಲಿಲ್ಲ.

ಕ್ಲೀನರ್ ಇಲ್ಲದ್ದಕ್ಕೆ ಹೀಗೆ ಎಂದು ಮೊದಲು ಅಂದುಕೊಂಡ. ಮೊದಲು ಮೈದುನನ ಜೊತೆ ಒಬ್ಬ ಕ್ಲೀನರ್ ಇದ್ದ. ಇಕ್ಕಟ್ಟಿನ ದಾರಿಯಲ್ಲಿ ಇಳಿದು ಎಡಗಡೆ ನಡೆಯುತ್ತ, ಅಂಗೈಯಿಂದ ಲಾರಿಯ ಮೈಗೆ ಬಡಿಯುತ್ತಿದ್ದ. ಒಂದು ಪೆಟ್ಟು ಬಿದ್ದರೆ ನಿಲ್ಲಿಸಬೇಕು, ಎರಡು ಬಿದ್ದರೆ ಹೋಗಬಹುದು. ಅವನು ಕೆಲಸ ಬಿಟ್ಟು ಹೋದ. ಆದರೆ ಅವನು ಹೋದ ಮೇಲೂ ಬಹಳ ಕಾಲ ಎಡಮಗ್ಗುಲು ಶುಭ್ರವಾಗೇ ಇತ್ತು. ಮೈದುನ ಅದನ್ನೇ ಹೇಳಿಕೊಂಡು ಜಂಬ ಕೊಚ್ಚಿದ್ದ: "ಕ್ಲೀನರ್ ಯಾಕೆ ಭಾವ? ಆ ಸಂಬಳಾನ ನನ್ನ ಎಡಗಣ್ಣಿಗೆ ಕೊಟ್ರೆ ಸಾಕು." ಬೆಳ್ಳಿ ಗೆರೆಗಳೆಲ್ಲ ಆ ಮಾತಿನ ನಂತರದವು.

ಭಾವನಿಗೆ ಬಾಗಿಲ ಚೌಕಟ್ಟು ನೆನಪಾಯಿತು. ಹಿಂದಿನ ಸಲ ಬಂದಾಗ ಮೈದುನನ ಎಡಮೊಣಕೈ ತಗುಲಿ ಉರುಳಿದ ಚಹಾದ ಲೋಟವೂ ನೆನಪಾಯಿತು. ಪೆನ್ಸಿಲ್ಲಿಗೆ ಮುಚ್ಚಳ ಹಾಕಿ ಎತ್ತಿಟ್ಟ.

ಊಟಕ್ಕೆ ಕೂತಾಗ ಅವನು ಚಿಕ್ಕ ಲಾರಿಯನ್ನು ಮೇಜಿನ ಮೇಲೆ, ಮೈದುನನ ತಟ್ಟೆಯ ಎಡಕ್ಕೆ ಒಂದು ಮೊಳ ದೂರದಲ್ಲಿ ಇಟ್ಟ. ಹೆಂಡತಿ ನೀರು ತರಲು ಒಳಗೆ ಹೋಗಿದ್ದಳು. ಮೈದುನ ಕೈ ಒರೆಸಿಕೊಂಡು ಬಂದು ಕೂತ, ಎದುರಿಗಿದ್ದ ಕಪಾಟನ್ನು ನೋಡಿದ.

"ನನ್ನ ಗಾಡಿ ಎಲ್ಲಿ ಭಾವ? ಗೀರು ಹಾಕಿದ್ರಾ?"

"ಹಾಕ್ದೆ."

"ತೋರ್ಸಿ ಮತ್ತೆ. ಎಲ್ಲಿಟ್ರಿ?"

"ಇಲ್ಲೇ ಇದೆ."

"ಇಲ್ಲೇ ಅಂದ್ರೆ?" ಮೈದುನ ಬಲಕ್ಕೆ ನೋಡಿದ, ಹಿಂದೆ ನೋಡಿದ, ಮತ್ತೆ ಕಪಾಟು ನೋಡಿದ. "ಮಾರ್ಬಿಟ್ರಾ ಹೇಗೆ? ನಂಗೂ ಪಾಲು ಬರ್ಬೇಕು ನೋಡಿ."

"ನಿನ್ನ ಪಕ್ಕದಲ್ಲೇ ಇದೆ ಕಣೋ."

ಮೈದುನ ಕೊರಳು ಪೂರ್ತಿ ಎಡಕ್ಕೆ ಹೊರಳಿಸಿದ. ಲಾರಿ ಕಂಡಿತು. ಅವನ ಮುಖದಲ್ಲಿದ್ದ ನಗು ಹಾಗೇ ಉಳಿಯಿತು, ತೆಗೆಯಲು ಮರೆತಂತೆ.

"ಯಾವಾಗಿಂದ?" ಭಾವ ಕೇಳಿದ.

"ಏನ್ ಯಾವಾಗಿಂದ?"

ಭಾವ ಲಾರಿಯನ್ನು ಎತ್ತಿ ಅದರ ಎಡಮಗ್ಗುಲು ಕಾಣುವಂತೆ ಅವನ ತಟ್ಟೆಯ ಮುಂದಿಟ್ಟ. ಮೈದುನ ಬಗ್ಗಿ ನೋಡಿದ. ಹೆಬ್ಬೆರಳಿನ ತುದಿಯನ್ನು ಬಾಗಿಲಿಂದ ಹಿಂದಿನ ಮೂಲೆಯವರೆಗೂ ಸವರಿದ.

"ಇಷ್ಟೊಂದಾ?"

"ಎಲ್ಲಾ ನಿನ್ನವೇ. ನಾನು ಒಂದೂ ಹೆಚ್ಚಿಗೆ ಹಾಕಿಲ್ಲ."

ಮೈದುನ ಅಡುಗೆಮನೆಯ ಕಡೆ ಕಿವಿಗೊಟ್ಟು, ದನಿ ತಗ್ಗಿಸಿದ. "ಮುಂದಿಂದೆಲ್ಲಾ ಚೆನ್ನಾಗೇ ಕಾಣುತ್ತೆ ಭಾವ. ರಸ್ತೆ ಕಾಣುತ್ತೆ, ಬೋರ್ಡ್ ಓದ್ತೀನಿ. ಈ ಮೂಲೇಲಿ ಮಾತ್ರ... ಕತ್ಲೆ ಅಂತಾನೂ ಅಲ್ಲ. ಕತ್ಲೆ ಆಗಿದ್ರೆ ಗೊತ್ತಾಗ್ತಿತ್ತು. ಅಲ್ಲಿ ಏನೂ ಇಲ್ಲ, ಏನೂ ಇಲ್ಲ ಅನ್ನೋದೂ ಗೊತ್ತಾಗಲ್ಲ."

"ಡಾಕ್ಟ್ರಿಗೆ ತೋರ್ಸಿದ್ಯಾ?"

"ತೋರ್ಸಿದ್ರೆ ಬರ್ದು ಕೊಡ್ತಾರೆ. ಬರ್ದು ಕೊಟ್ಟ ಮೇಲೆ ನನ್ನ ಕೈಗೆ ಸ್ಟೇರಿಂಗ್ ಯಾರು ಕೊಡ್ತಾರೆ? ಇನ್ನೇನ್ ಬರುತ್ತೆ ನಂಗೆ? ನಿಮ್ಮ ಥರ ಹಲ್ಲು ಕಟ್ಲಾ?"

"ಯಾರಿಗಾದ್ರೂ ತಗುಲಿದ್ರೆ?"

"ತಗುಲಿಲ್ವಲ್ಲ! ಗೋಡೆ, ಕಂಬ, ಇಷ್ಟೇ. ಇವತ್ತಿನವರೆಗೂ ಒಂದು ಕೋಳಿಗೂ ತಗುಲಿಲ್ಲ." ಅವನ ದನಿ ಸ್ವಲ್ಪ ಏರಿತು, ಮತ್ತೆ ಇಳಿಯಿತು. "ಅಕ್ಕಂಗೆ ಹೇಳ್ಬೇಡಿ ಭಾವ. ನಿಮ್ ಕಾಲಿಗ್ ಬೀಳ್ತೀನಿ."

ಹೆಂಡತಿ ನೀರಿನ ಜಗ್ಗು ಹಿಡಿದು ಬಂದಳು. ಇಬ್ಬರ ಮುಖವನ್ನೂ ನೋಡಿದಳು. "ಏನದು, ಇಬ್ರೂ ಮೂತಿ ಊದಿಸ್ಕೊಂಡು ಕೂತಿದ್ದೀರಾ?"

"ಏನಿಲ್ಲ ಕಣಕ್ಕಾ. ಭಾವ ನನ್ನ ಗಾಡಿಗೆ ಗೀರು ಜಾಸ್ತಿ ಹಾಕ್ಬಿಟ್ಟಿದ್ದಾರೆ ಅಂತ ಜಗಳ."

"ಹಾಕ್ಲಿ ಬಿಡು. ಅದನ್ನ ನೋಡಾದ್ರೂ ನೆಟ್ಟಗೆ ಓಡ್ಸೋದು ಕಲೀತೀಯ." ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅವನು ಬೇಡವೆನ್ನದೆ ತಿಂದ. ಊಟವಾದ ಮೇಲೆ ಎಂದಿನಂತೆ ಕಂಬಳಿ ಹೆಗಲಿಗೆ ಹಾಕಿಕೊಂಡು ಕ್ಯಾಬಿನ್ನಿನಲ್ಲಿ ಮಲಗಲು ಹೊರಟ. ಚೌಕಟ್ಟಿನ ಬಳಿ ಮೈಯನ್ನು ಓರೆ ಮಾಡಿಕೊಂಡು ದಾಟಿದ. ಭಾವನ ಕಡೆ ನೋಡಲಿಲ್ಲ.

ಭಾವ ಹೆಂಡತಿಗೆ ಹೇಳಲಿಲ್ಲ. ಬಾಯಿ ತೆರೆಯಲು ಒಪ್ಪದವನ ಹಲ್ಲಿನ ಅಚ್ಚು ತೆಗೆಯಲು ಯಾವ ಡಾಕ್ಟರಿಗೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಇವನು ಬಾಯಿ ತೆರೆದಿದ್ದ. ಈಗ ಮುಚ್ಚಿಕೊಂಡು ಕುಳಿತವನು ತಾನು.

ಬೆಳಿಗ್ಗೆ ಇಂಜಿನ್ ಶುರುವಾದ ಸದ್ದಿಗೆ ಅವನು ಹಲ್ಲುಜ್ಜುವುದನ್ನು ಬಿಟ್ಟು ಹೊರಗೆ ಬಂದ. ಲಾರಿಯ ಎಡಮಗ್ಗುಲು ಮನೆಯ ಗೇಟಿನ ಕಡೆಗಿತ್ತು. ಹೆಂಡತಿ ಬುತ್ತಿಯ ಡಬ್ಬಿ, ನೀರಿನ ಬಾಟಲಿ ಹಿಡಿದುಕೊಂಡು ಎಡ ಬಾಗಿಲ ಬಳಿ ಹೋಗಿ ಕೈ ಎತ್ತಿದಳು. ಲಾರಿ ಹೊರಟಿತು. ಅವಳು ಎತ್ತಿದ ಕೈಯನ್ನು ಇಳಿಸದೆ ಜೊತೆಗೇ ನಾಲ್ಕು ಹೆಜ್ಜೆ ಓಡಿದಳು, ನಗುತ್ತ.

"ಲೇ ಮಂಗ, ನಿಲ್ಸೋ! ಬೆಳಬೆಳಿಗ್ಗೇನೇ ಶುರುವಾಯ್ತಾ ನಿನ್ನ ಆಟ?"

ಚಿಕ್ಕಂದಿನಲ್ಲಿ ಅವನು ಸೈಕಲ್ಲು ಹತ್ತಿ ಹೀಗೇ ಅವಳನ್ನು ಓಡಿಸುತ್ತಿದ್ದ. ಅವಳು ಕೈ ಚಾಚಿದಾಗ ಮುಂದಕ್ಕೆ ತುಳಿಯುವುದು, ಅವಳು ನಿಂತಾಗ ನಿಲ್ಲುವುದು. ಈಗ ಬೀದಿ ಎಡಕ್ಕೆ ಹೊರಳುತ್ತಿತ್ತು. ಮುಂದಿನ ಚಕ್ರ ಅವಳ ಕಡೆಗೆ ತಿರುಗಿತು. ಅವಳ ಬೆನ್ನಿಗೆ ಪಕ್ಕದ ಮನೆಯ ಗೋಡೆ ಹತ್ತಿರವಾಗುತ್ತಿತ್ತು.

ಭಾವ ಬಾಯ ತುಂಬ ನೊರೆ ಇಟ್ಟುಕೊಂಡೇ ಓಡಿದ. ಕೂಗಲು ಆಗಲಿಲ್ಲ. ಅಂಗೈ ಬಿಚ್ಚಿ ಲಾರಿಯ ಮೈಗೆ ಬಲವಾಗಿ ಒಂದೇ ಒಂದು ಪೆಟ್ಟು ಹೊಡೆದ.

ಲಾರಿ ಗಕ್ಕನೆ ನಿಂತಿತು.

ಹೆಂಡತಿ ಇನ್ನೂ ನಗುತ್ತಲೇ ಇದ್ದಳು. ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ, ಕಿಟಕಿಯಿಂದ ಡಬ್ಬಿ, ಬಾಟಲಿಗಳನ್ನು ಒಳಗೆ ಚಾಚಿದಳು. "ಹಿಡ್ಕೋ. ವಯಸ್ಸು ಇಷ್ಟಾದ್ರೂ ನಿನ್ನ ಹುಡುಗಾಟ ಹೋಗ್ಲಿಲ್ಲ ನೋಡು."

ಮೈದುನ ಅವಳನ್ನು ನೋಡಿದ. ಅವಳ ಹಿಂದೆ ಒಂದು ಗೇಣು ದೂರದಲ್ಲಿದ್ದ ಗೋಡೆಯನ್ನು ನೋಡಿದ. ಅವಳಾಚೆ ಲಾರಿಯ ಪಕ್ಕ ನಿಂತಿದ್ದ ಭಾವನನ್ನು, ಅವನ ಗಲ್ಲದಿಂದ ಇಳಿಯುತ್ತಿದ್ದ ನೊರೆಯನ್ನು ನೋಡಿದ. ಡಬ್ಬಿಯನ್ನು ತೆಗೆದುಕೊಂಡು ಸೀಟಿನ ಮೇಲಿಟ್ಟ. ಇಂಜಿನ್ ಆರಿಸಿದ.

"ಏನೋ? ಏನಾದ್ರೂ ಮರ್ತ್ಯಾ?"

ಅವನು ಇಳಿದು ಒಳಗೆ ಹೋದ. ಅವರಿಬ್ಬರೂ ಹಿಂದೆ ಹೋದಾಗ ಅವನು ಮೇಜಿನ ಮುಂದೆ ಕೂತಿದ್ದ. ಚಿಕ್ಕ ಲಾರಿಯನ್ನು ನಡುವೆ ಇಟ್ಟುಕೊಂಡು, ಎದುರಿನ ಗೋಡೆಯಲ್ಲಿ ದೃಷ್ಟಿ ನೆಟ್ಟು, ಒಂದು ಬೆರಳಿನಿಂದ ಅದನ್ನು ಎಡಕ್ಕೆ ಮೆಲ್ಲಗೆ ತಳ್ಳುತ್ತಿದ್ದ. ಒಂದು ಕಡೆ ಬೆರಳು ನಿಂತಿತು. ಹಿಂದಕ್ಕೆ ತಂದ. ಮತ್ತೆ ತಳ್ಳಿದ.

"ಏನ್ರೀ ಇವನು ಮಾಡ್ತಿರೋದು?" ಹೆಂಡತಿ ಪಿಸುಗುಟ್ಟಿದಳು. ಅವಳು ಗಂಡನ ಮುಖ ನೋಡಿದಳು, ತಮ್ಮನ ಬೆರಳು ನೋಡಿದಳು, ಮತ್ತೊಮ್ಮೆ ಆ ಬೆರಳು ಅದೇ ಜಾಗದಲ್ಲಿ ನಿಲ್ಲುವುದನ್ನು ನೋಡಿದಳು. ನಗುವಿನಿಂದ ಕೆಂಪಾಗಿದ್ದ ಅವಳ ಮುಖ ನಿಧಾನವಾಗಿ ಬಿಳಿಚಿಕೊಂಡಿತು. ಆಮೇಲೆ ಅವಳು ಮೇಜಿನ ಎಡತುದಿಗೆ ಹೋಗಿ, ಅವನ ಬೆರಳ ಕೆಳಗಿನಿಂದ ಲಾರಿಯನ್ನು ಎತ್ತಿಕೊಂಡು, ಅದನ್ನು ಮೇಜಿನ ಅಂಚಿನಲ್ಲಿಟ್ಟಳು.

"ಗೋಡೆ ನೋಡ್ತಾ ಇರು. ಕಂಡಾಗ ಹೇಳು."

ಅವನು ಗೋಡೆ ನೋಡಿದ. ಅವಳು ಲಾರಿಯನ್ನು ಅವನ ಕಡೆಗೆ ಸ್ವಲ್ಪ ಸರಿಸಿದಳು.

"ಈಗ?"

"ಇಲ್ಲ."

"ಈಗ?"

"ಇಲ್ಲ ಕಣಕ್ಕಾ."

ಚಕ್ರಗಳು ಮರದ ಮೇಲೆ ಸಣ್ಣಗೆ ಕಿರುಗುಟ್ಟಿದವು. ಲಾರಿ ಅವನ ಮೊಣಕೈ ದಾಟಿ, ಬಹಳ ಹತ್ತಿರ ಬಂತು.

"ಈಗ?"

"ಹಾಂ... ಈಗ."

ಭಾವ ಬೆಳ್ಳಿ ಪೆನ್ಸಿಲ್ಲನ್ನು ತಂದು, ಲಾರಿಯ ಮೂತಿಯ ಎದುರು ಮೇಜಿನ ಮೇಲೆ ಒಂದು ಗೆರೆ ಎಳೆದ. ಗೆರೆಯಿಂದಾಚೆ ಮೇಜಿನ ಒಂದು ದೊಡ್ಡ ಪಾಲು ಇತ್ತು. ಮೂವರೂ ಅದನ್ನು ನೋಡಿದರು. ಹೆಂಡತಿ ತಮ್ಮನ ತಲೆಯ ಮೇಲೆ ಕೈ ಇಟ್ಟು, "ಬಾಟ್ಲಿ ಕೊಡೋಕೆ ಬಂದಾಗ ನಾನು ಕಾಣ್ಲೇ ಇಲ್ವಾ ನಿಂಗೆ?" ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಕೈ ತೆಗೆಯಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವನು ಲಾರಿಯ ಓನರಿಗೆ ಫೋನು ಮಾಡಿದ. "ಗಾಡಿ ನಮ್ಮಕ್ಕನ ಮನೆ ಹತ್ರ ಇದೆ. ಬೇರೆ ಯಾರನ್ನಾದ್ರೂ ಕಳ್ಸಿ... ಇಲ್ಲ ಇಲ್ಲ, ಕುಡ್ದಿಲ್ಲ. ಜ್ವರಾನೂ ಅಲ್ಲ. ಕಣ್ಣಿಂದು." ಆ ಕಡೆಯವರು ಬಹಳ ಹೊತ್ತು ಮಾತಾಡಿದರು. ಅವನು "ಹೂಂ" ಎನ್ನುತ್ತ ಹೋದ. ಕೊನೆಗೆ, "ಗೊತ್ತಿಲ್ಲ. ತೋರ್ಸ್ಬೇಕು," ಎಂದು ಫೋನು ಇಟ್ಟ.

ಮಧ್ಯಾಹ್ನ ಬೇರೆ ಡ್ರೈವರ್ ಬಂದ. ಸೀಟನ್ನು ಹಿಂದಕ್ಕೆ ಸರಿಸಿ, ಕನ್ನಡಿಗಳನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡ. ಸೀಟಿನ ಮೇಲಿದ್ದ ಬುತ್ತಿಯ ಡಬ್ಬಿಯನ್ನು ಕಿಟಕಿಯಿಂದ ಕೆಳಕ್ಕೆ ಕೊಟ್ಟ. "ತಿರುವು ಬಹಳ ಇಕ್ಕಟ್ಟಲ್ರೀ. ಎಡಗಡೆ ಸ್ವಲ್ಪ ನೋಡ್ಕೊಳ್ತೀರಾ?"

"ನೋಡ್ಕೊಳ್ತೀನಿ. ನೀವ್ ಬನ್ನಿ," ಎಂದ ಮೈದುನ.

ಅವನು ಡಬ್ಬಿಯನ್ನು ಅಕ್ಕನ ಕೈಗಿತ್ತು ಲಾರಿಯ ಎಡಕ್ಕೆ ಹೋಗಿ ನಿಂತ. ಗೋಡೆಗೆ ಬೆನ್ನು ಕೊಟ್ಟು, ಲಾರಿಯ ಕಡೆ ಮುಖ ಮಾಡಿ, ಕೊರಳನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ಹೊರಳಿಸಿದ. ಲಾರಿ ತಿರುವಿಗೆ ಬಂತು. ಅವನು ಒಂದು ಪೆಟ್ಟು ಹೊಡೆದ. ನಿಂತಿತು. ಗೋಡೆಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ ಜಾಗ ನೋಡಿದ. "ಸ್ಟೇರಿಂಗ್ ಬಲಕ್ಕೆ ಸ್ವಲ್ಪ ಹೊಡೀರಿ... ಇನ್ನೂ... ಸಾಕು." ಎರಡು ಪೆಟ್ಟು ಹೊಡೆದ.

ಬಾಗಿಲು, ಬ್ಯಾಟರಿ ಪೆಟ್ಟಿಗೆ, ಹೊಸ ಗೀರು, ಹಿಂದಿನ ಮೂಲೆ ಒಂದರ ಹಿಂದೊಂದು ಅವನ ಅಂಗೈಗೆ ತಾಗಿಕೊಂಡೇ ಮುಂದೆ ಸರಿದವು. ಲಾರಿ ದೊಡ್ಡ ರಸ್ತೆಗೆ ಇಳಿದು ಸದ್ದು ಕರಗಿದ ಮೇಲೂ ಕೈ ಅಷ್ಟೇ ಎತ್ತರದಲ್ಲಿ ಚಾಚಿಕೊಂಡಿತ್ತು. ಅಂಗೈಗೆ ಧೂಳು ಮೆತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.